ಮಾವಶಿ ಬಿಟ್ಟ ತಾಕು

ನಾಗಪುರದಲ್ಲಿ ನಾನು ಭತ್ತದ ಮೇಲೆ ಸಂಶೋಧನೆ ಮಾಡುತ್ತಿದ್ದಾಗ ನಮ್ಮ ಪ್ರಯೋಗದ ಗದ್ದೆ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಮಾವಶಿ, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದರು. ಬೀದರ ಕಡೆಯಿಂದ ಹತ್ತಿರದ ಉಮರೇಡ್‌ಗೆ ಸೊಸೆಯಾಗಿ ಬಂದವರು. ನಾನು ಏನೇ ಹೇಳಲಿ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, “ಬರೋಬರ್ ಅದ, ಆದ್ರ...” ಎಂದು ಶುರು ಮಾಡುತ್ತಿದ್ದರು. ಮುಂದಿನದನ್ನು ಕೇಳುವ ತಾಳ್ಮೆ ನನಗೆಲ್ಲಿ? ನಾನು ಡಾಕ್ಟರೇಟ್ ಮಾಡುವವನಲ್ಲವೇ!

ಗಿಡ್ಡ ತಳಿಯ ಭತ್ತದಲ್ಲಿ ಎತ್ತರ ಬೆಳೆಸುವ ಹಾರ್ಮೋನು ಒಂದು ಜೀನಿನಿಂದಾಗಿ ಕಡಿಮೆ ಇರುತ್ತದೆ. ಅದನ್ನು ಹೊರಗಿನಿಂದ ಸಿಂಪಡಿಸಿದರೆ ಇಳುವರಿಯೂ ಏರೀತೆಂದು ನನ್ನ ಊಹೆ. ಗದ್ದೆಯನ್ನು ಭಾಗ ಮಾಡಿದ್ದ ನಾಲ್ಕೂ ತಾಕುಗಳಿಗೆ ಸಿಂಪಡಿಸಲು ಮಾವಶಿಗೆ ಹೇಳಿದೆ.

“ಬರೋಬರ್ ಅದ, ಆದ್ರ ಒಂದರ ಹಂಗೇ ಬಿಡಬೇಕಲ್ಲ ತಮ್ಮಾ?”

“ಜಲ್ದಿ ಹೊಡೀರಿ ಮಾವಶಿ.”

ಆಮೇಲೆ ನಾನು ಲ್ಯಾಬಿನ ತಂಪಿನಲ್ಲೇ ಕೂತೆ. ಗೇಟಿನ ಬಳಿಯ ತಾಕನ್ನಷ್ಟೇ ಇಣುಕಿ, ಪೈರು ನನ್ನ ಅಹಂಕಾರದಷ್ಟೇ ಎತ್ತರ ಬೆಳೆದದ್ದು ಕಂಡು ಹಿಗ್ಗಿದೆ. ತೆನೆ ತುಂಬುವ ಹೊತ್ತಿಗೆ ಬೀಸಿದ ಒಂದೇ ಗಾಳಿಗೆ ಅದು ಮಲಗಿಬಿಟ್ಟಿತು.

ಮರುದಿನ ನನ್ನ ಸಂಶೋಧನೆಯ ಗೈಡ್ ಬಂದರು. “ಹೋಲಿಸಿ ನೋಡಲು ಸಿಂಪಡಿಸದೆ ಬಿಟ್ಟ ತಾಕು ಎಲ್ಲಿ?” ಎಂದು ಕೇಳಿದರು. ಅದಿಲ್ಲದಿದ್ದರೆ ನನ್ನ ಇಡೀ ವರ್ಷದ ಕೆಲಸ ನೀರುಪಾಲು.

ಮಾವಶಿ ಹಿಂದಿನ ಮೂಲೆಗೆ ಕೈ ತೋರಿಸಿದರು. ಅಲ್ಲಿ ಗಿಡ್ಡ ಪೈರು ತೆನೆ ಹೊತ್ತು ನೆಟ್ಟಗೆ ನಿಂತಿತ್ತು. “ಇದೊಂದನ್ನು ಬಿಡು ಅಂತ ಈ ಸಾಹೇಬರೇ ಹೇಳಿದ್ದರು,” ಎಂದು ನನ್ನನ್ನು ತೋರಿಸಿ ಗೈಡ್‌ಗೆ ಹಿಂದಿಯಲ್ಲಿ ಹೇಳಿದರು.

ಗೈಡ್ ನನ್ನ ಬೆನ್ನು ತಟ್ಟಿದರು. ನಾನು ಮಾವಶಿಯ ಮುಖ ನೋಡದೆ, “ಹೌದು, ಹೇಳಿದ್ದೆ” ಎಂದೆ.