ಮುಚ್ಚಿಟ್ಟ ಮಷೀನಿಗೆ ಎಣ್ಣೆ

ನನ್ನ ಅಕ್ಕ ಉಚ್ಚಂಗಮ್ಮನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹನ್ನೆರಡು ವರ್ಷದಿಂದ ರಾಯದುರ್ಗದ ಜೀನ್ಸ್ ಗಾರ್ಮೆಂಟ್ಸಿನಲ್ಲಿ ನನ್ನ ಪಕ್ಕದ ಮಷೀನಿನಲ್ಲೇ ಕೂತು ಪ್ಯಾಂಟಿನ ಜೇಬು ಹೊಲಿಯುತ್ತಾಳೆ. ಕಿಟಕಿ ತೆಗೆದರೆ ಧೂಳು ಬಂದು ಬಟ್ಟೆ ಹಾಳಾಗುತ್ತದೆ ಅಂತ ಮಾಲೀಕ ಕಿಟಕಿಗಳಿಗೆ ಮೊಳೆ ಹೊಡೆಸಿದ್ದ. ಒಳಗೆ ಹಾರುವ ನೀಲಿ ಧೂಳಿಗೆ ನಮ್ಮ ಎದೆ ಹಾಳಾದರೆ ಅವನಪ್ಪನ ಗಂಟೇನು ಹೋಗುತ್ತದೆ!

ಐದನೇ ವರ್ಷಕ್ಕೆ ಅಕ್ಕನಿಗೆ ದಮ್ಮು ಶುರುವಾಯಿತು. ಡಾಕ್ಟರು ಬಾಯಿಗಿಟ್ಟು ಎಳೆಯುವ ಎರಡು ಪಂಪು ಕೊಟ್ಟರು. ಒಂದು, ದಮ್ಮು ಬಂದಾಗ ಎಳೆಯೋದು. ಇನ್ನೊಂದು, ಬರದ ಹಾಗೆ ದಿನಾ ಎರಡು ಹೊತ್ತು ಎಳೆದು ಬಾಯಿ ಮುಕ್ಕಳಿಸೋದು.

"ಆರಾಮಿದ್ದಾಗ ಯಾಕ್ರಿ ಔಷಧ?" ಅಂದಳು ಅಕ್ಕ.

"ಮಷೀನು ಕೆಟ್ಟ ಮ್ಯಾಲ ಎಣ್ಣೆ ಬಿಡ್ತೀಯೇನವ್ವಾ? ದಿನಾ ಬಿಡ್ತೀ ಅಲ್ಲೇನು? ಇದೂ ಹಂಗ."

ಆ ಮಾತು ಅವಳಿಗೆ ನಾಟಿತು. ಬೆಳಿಗ್ಗೆ ಮಷೀನಿಗೆ ಎಣ್ಣೆ ಬಿಡುವಾಗ ಒಮ್ಮೆ, ಸಂಜೆ ಮಷೀನು ಮುಚ್ಚುವಾಗ ಒಮ್ಮೆ ಎಳೆಯುತ್ತಿದ್ದಳು. ಎರಡು ವರ್ಷ ದಮ್ಮು ಹತ್ತಿರ ಸುಳಿಯಲಿಲ್ಲ.

ಆಮೇಲೆ ಬಟ್ಟೆ ಬರೋದು ನಿಂತು ಗಾರ್ಮೆಂಟ್ಸಿಗೆ ಒಂದು ತಿಂಗಳು ಬೀಗ ಬಿತ್ತು. ಮಷೀನುಗಳಿಗೆ ಬಟ್ಟೆ ಹೊದಿಸಿ ಮನೆಗೆ ಬಂದೆವು. ಅಕ್ಕ ದಿನದ ಪಂಪನ್ನೂ ಗೂಡಿನಲ್ಲಿಟ್ಟಳು. ಬೀಗ ತೆಗೆದ ದಿನ ಮೊದಲ ಬಂಡಲು ಬಿಚ್ಚಿದ್ದೇ ತಡ, ಎದೆ ಕಟ್ಟಿತು. ಚೀಲದಲ್ಲಿದ್ದ ದಮ್ಮಿನ ಪಂಪು ಎಳೆದರೂ ಉಸಿರು ಇಳಿಯಲಿಲ್ಲ. ತುಟಿ ನೀಲಿಗಟ್ಟಿತು.

"ಹೊರಗ ಕೂಡಿಸ್ರಿ, ಕೆಲಸ ನಿಲ್ಲಿಸಬ್ಯಾಡ್ರಿ" ಅಂದ ಮಾಲೀಕ. ಅವನ ಬಾಯಿಗೆ ಮಣ್ಣು ಬೀಳ! ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ.

ಮಾಸ್ಕು ಹಾಕಿ ಔಷಧ ಕೊಟ್ಟು, ಅವಳ ಉಸಿರು ತುಸು ಹತೋಟಿಗೆ ಬಂದ ಮೇಲೆ ಡಾಕ್ಟರು ಸಿಡಿದರು. "ದಿನದ ಪಂಪು ನಿಲ್ಲಿಸು ಅಂತ ಯಾರು ಹೇಳಿದ್ರು ನಿನಗ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡ್ತೀಯೇನು?"

ಹೇಳಿದವಳು ನಾನು. ಬೀಗ ಬಿದ್ದ ದಿನ, "ಮುಚ್ಚಿಟ್ಟ ಮಷೀನಿಗೆ ಯಾರಾರ ಎಣ್ಣೆ ಬಿಡ್ತಾರೇನಕ್ಕಾ? ಗೂಡಿನ್ಯಾಗ ಇಡು, ಕೆಲಸ ಶುರುವಾದಾಗ ಎಳೀವಂತಿ" ಅಂದಿದ್ದೆ.

ಅಕ್ಕ ಮಾಸ್ಕು ಸರಿಸಿ ಅಂದಳು, "ಯಾರೂ ಹೇಳಿಲ್ರಿ. ನಂದ ಬುದ್ಧಿ."

ಹಾಳಾದವಳು! ನೀರು ಕೇಳಲೂ ಉಸಿರಿಲ್ಲದವಳಿಗೆ ನನ್ನನ್ನು ಉಳಿಸಲು ಉಸಿರಿತ್ತು. ಅವತ್ತು ಒಂದು ಮಾತು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ.

ಈಗ ರಜೆ ಇರಲಿ, ಹಬ್ಬ ಇರಲಿ, ದಿನಾ ಎರಡು ಹೊತ್ತು ಪಂಪು ಹಿಡಿದು ಅವಳ ಮುಂದೆ ನಿಲ್ಲುತ್ತೇನೆ.

"ಎಳೀತೀನಿ ನಾಗವೇಣಿ, ಬೈಬ್ಯಾಡ" ಅಂತ ನಗುತ್ತಾಳೆ. ಅದಕ್ಕೂ ನನಗೆ ಸಿಟ್ಟು ಬರುತ್ತದೆ.