ಒಂದೇ ಬೋಗುಣಿಯ ಹುರಿಹಿಟ್ಟು

ನನ್ನ ಮೊಮ್ಮಗಳು ಟೀಚರಾದಳು! ಅದೂ ನಮ್ಮ ಅರೆಕೆರೆಯ ಅಂಗನವಾಡಿಗೇ! ನನಗೆ ಓದು ಅಷ್ಟಕ್ಕಷ್ಟೇ, ಆದರೂ ಈ ಸಂತೋಷ ಬರೆಯದೆ ಇರಲಾರೆ. ಬೆಳಿಗ್ಗೆ ಸುದ್ದಿ ಕೇಳಿದ್ದೇ ತಡ, ರಾಗಿ ಹುರಿಯಲು ಕೂತೆ. ಅರಳು ಸಿಡಿದು ಘಮ ಎದ್ದಿತು ನೋಡಿ, ನಮ್ಮ ಹಳೆಯ ಬಾಲವಾಡಿಯ ಟೀಚರಮ್ಮ ಬಾಗಿಲಲ್ಲಿ ಬಂದು ನಿಂತಂತಾಯಿತು...

ಅರವತ್ತರ ದಶಕದಲ್ಲಿ ಅರೆಕೆರೆ ಇನ್ನೂ ಹಳ್ಳಿ. ಟೀಚರಮ್ಮ ಪಟ್ಟಣದ ಸಿದ್ದಾಪುರದ ಕಡೆಯವರು. ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು, ಹೊಲದ ಬದುವಿನ ಮೇಲೆ ನಡೆದು ಬರುತ್ತಿದ್ದರು. ನನ್ನ ಮಗನಿಗೆ, ಅಂದರೆ ಈ ಮೊಮ್ಮಗಳ ಅಪ್ಪನಿಗೆ, ಎರಡು ವರ್ಷ ತುಂಬಿದ್ದರೂ ಎದ್ದು ನಿಲ್ಲುವ ಶಕ್ತಿಯಿರಲಿಲ್ಲ. ನಾನು ಕಳೆ ಕೀಳುವಾಗ ಹೊಂಗೆಮರದ ಕೆಳಗೆ ಗೋಣಿಚೀಲದ ಮೇಲೆ ಕೂತಿರುತ್ತಿದ್ದ.

"ಇವನನ್ನ ನನ್ನ ಹತ್ರ ಬಿಡಮ್ಮ. ಹೊಟ್ಟೆ ತುಂಬಿದ್ರೆ ಕಾಲಿಗೆ ತಾನಾಗೇ ಬಲ ಬರುತ್ತೆ" ಎಂದು ಎತ್ತಿಕೊಂಡು ಹೋದರು.

ಆದರೆ ಅವರು ಗಂಜಿ ಕಾಯಿಸಿದ ದಿನ ಊರು ಮುನಿಯಿತು. ಮೇಲಿನ ಕೇರಿ, ಕೆಳಗಿನ ಕೇರಿ ಎನ್ನದೆ ಎಲ್ಲರಿಗೂ ಒಂದೇ ಪಾತ್ರೆಯ ಗಂಜಿಯೇ? ನಮ್ಮ ಅತ್ತೆ ಮಗುವನ್ನು ಎತ್ತಿ ತಂದುಬಿಟ್ಟರು. ಮೇಲಿನ ಕೇರಿಯವರೆಲ್ಲ ಹಾಗೇ ಮಾಡಿದರು. ಮಕ್ಕಳಿಲ್ಲದಿದ್ದರೆ ಬಾಲವಾಡಿ ಮುಚ್ಚುತ್ತಾರಂತೆ ಎಂದು ಸುದ್ದಿ ಹಬ್ಬಿತು.

ಶನಿವಾರ ಅತ್ತೆಗೆ ಒಪ್ಪತ್ತು. ಟೀಚರಮ್ಮ ನಮ್ಮನೆಗೆ ಬಂದಾಗ ಅವರು ಜಗುಲಿಯಲ್ಲಿ ಹುರಿಹಿಟ್ಟಿನ ಉಂಡೆ ತಿನ್ನುತ್ತಿದ್ದರು.

"ಏನಜ್ಜಿ, ಒಪ್ಪತ್ತಲ್ಲೂ ತಿಂತಿದ್ದೀರಾ?"

"ಇದು ಹುರಿದಿದ್ದು ಕಣಮ್ಮ, ಬೇಯ್ಸಿದ್ದಲ್ಲ. ಇದಕ್ಕೇನು ಮೈಲಿಗೆ?"

"ಯಾರ ಮನೇಲಿ ಹುರಿದ್ರೂ?"

"ಯಾರ ಮನೇಲಾದ್ರೂ..." ಎಂದ ಅತ್ತೆ ತಟ್ಟನೆ ಬಾಯಿ ಮುಚ್ಚಿಕೊಂಡರು. ಆಮೇಲೆ ಉಂಡೆ ಗಂಟಲಿಗೆ ಸಿಕ್ಕುವ ಹಾಗೆ ನಕ್ಕರು. "ಕಿಲಾಡಿ ಕಣೇ ನೀನು! ಸಿಗಿಸಿಬಿಟ್ಟೆಯಲ್ಲ ನನ್ನ!"

ಇನ್ನು ಗಂಜಿಯ ಬದಲು ಹುರಿಹಿಟ್ಟಿನ ಉಂಡೆ ಎಂದು ಟೀಚರಮ್ಮ ಎರಡೂ ಕೇರಿಗೆ ಹೇಳಿ ಬಂದರು. ಸೋಮವಾರ ಮನೆಮನೆಯಿಂದ ಹುರಿಹಿಟ್ಟು ಹೊರಟಿತು. ಬಾಲವಾಡಿಯ ಅಂಗಳದಲ್ಲಿ ದೊಡ್ಡ ಬೋಗುಣಿ ಇಟ್ಟಿದ್ದರು. ಕೆಳಗಿನ ಕೇರಿಯ ಹೆಂಗಸೊಬ್ಬಳು ಹಿಟ್ಟಿನ ಗಂಟು ಹಿಡಿದು ದೂರದಲ್ಲೇ ನಿಂತಳು. ಎಲ್ಲರೂ ಅತ್ತೆಯ ಮುಖ ನೋಡಿದರು.

"ಅಲ್ಲೇನು ಬೊಂಬೆ ಹಾಗೆ ನಿಂತಿದ್ದೀಯಾ? ಮಕ್ಕಳು ಹಸ್ಕೊಂಡಿವೆ, ಸುರಿ ಬಾರೇ!" ಎಂದರು ಅತ್ತೆ.

ಅವಳು ಸುರಿದಳು. ಬೆಲ್ಲ, ತುಪ್ಪ ಬೆರೆತ ಮೇಲೆ ಯಾವುದು ಯಾರ ಮನೆಯ ಹಿಟ್ಟು ಎಂದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ! ಅಂದಿನಿಂದ ಬಾಲವಾಡಿ ಒಂದು ದಿನವೂ ಬರಿದಾಗಲಿಲ್ಲ.

ಸುಗ್ಗಿಯ ಹೊತ್ತಿಗೆ ನನ್ನ ಮಗ ಟೀಚರಮ್ಮನ ಸೆರಗು ಹಿಡಿದು ಎದ್ದು ನಿಂತ. ಆಮೇಲೆ ಸೆರಗು ಬಿಟ್ಟು, ತೂರಾಡುತ್ತಾ ಬೋಗುಣಿಯತ್ತ ನಡೆದೇಬಿಟ್ಟ! ಹೆಂಗಸರೆಲ್ಲ ಹೋ ಎಂದು ಕೂಗಿದೆವು.

ಅತ್ತೆ ಹೋದರು. ಟೀಚರಮ್ಮನೂ ತೀರಿಹೋಗಿ ಎಷ್ಟೋ ಕಾಲವಾಯಿತು... ಈ ಸುದ್ದಿ ಮೊದಲು ಅವರಿಗೆ ಹೇಳಬೇಕಿತ್ತು.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತೆವು. ಮೊಮ್ಮಗಳು ಬೋಗುಣಿಯಲ್ಲಿ ಉಂಡೆ ಕಟ್ಟಿಟ್ಟಿದ್ದಳು. ಬಡಿಸಲು ಸೊಸೆ ಎದ್ದರೆ ಮಗ ಬಿಡಲಿಲ್ಲ. ತಾನೇ ಬೋಗುಣಿ ಎತ್ತಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಡೆದು ನಡೆದು ಬಡಿಸಿದ.