ಬಿಲ್ಲಿನ ಜಾಗಾದಾಗ ನನ್ನ ಹೆಸರು

ದಾವಲಣ್ಣನ ಹಾಡಿನ ಮ್ಯಾಲ ನನ್ನ ಹೆಸರು ಹಾಕಿದಾವ ನಾನ. ಕಿತ್ತೂರಾಗ ಅಷ್ಟ ಮಂದಿ ಮುಂದ ಅವರು “ಈ ಹಾಡ ಯಾರ್ದು ಹೇಳಪಾ ಮಂಜಾ” ಅಂತ ಕೇಳಿದಾಗ ಸುಳ್ಳ ಹೇಳಿದಾವನೂ ನಾನ. ಎರಡ ವರ್ಷ ಆತು. ಹೇಳಬೇಕಂತ ಎಷ್ಟೋ ಸಲ ಬಾಯಿ ತಗದೇನಿ — ಆದ್ರ ಅವರ ಹಾಡಿನ ಮಾತು ಬಂತಂದ್ರ ನಾ ಖುಷೀಲೆ ಹಾಡಿನ್ಯಾಗ ಹೊಕ್ಕೊಂಡ ಬಿಡತೇನಿ, ತಪ್ಪು ಹೊರಗ ನಿಂತಿರತೈತಿ. ಇವತ್ತೂ ಹಂಗ ಆಗಬಹುದು. ಆದ್ರೂ ಹೇಳತೇನಿ.

ದಾವಲಣ್ಣಾರು ಸಾಲಹಳ್ಳಿಯವರು, ರಾಮದುರ್ಗದಾಗ ಗಾದಿ ಅಂಗಡಿ ಐತಿ. ಅವರ ಅಬ್ಬಾ ಪಿಂಜಾರರು. ದೊಡ್ಡ ಬಿಲ್ಲು ಹೆಗಲಿಗೆ ಹಾಕ್ಕೊಂಡು ಮನಿ ಮನಿಗೆ ಹೋಗಿ, ಅದರ ತಂತಿಲೆ ಅರಳಿ ಹಿಂಜಿ ಗಾದಿ ಹೊಲಿದು ಕೊಡತಿದ್ರು. ಮಗಾ ಗಾದಿ ಕೆಲಸಾನೂ ಬಿಡ್ಲಿಲ್ಲ, ಮ್ಯಾಲ ಒಂದು ಕರೆಂಟ್ ಗಿಟಾರ್ ತಗೊಂಡ್ರು. ರಾಕ್ ಹಾಡು, ನಮ್ಮ ಮಾತಿನ್ಯಾಗ, ತಾವ ಬರದು ತಾವ ಹಾಡಿದ್ದು. ಕೇಳಾವರು ಯಾರ ಇದ್ರು? ನಾ ಇದ್ದೆ.

ನಂದು ಬೈಲಹೊಂಗಲ ಬಸ್‌ಸ್ಟ್ಯಾಂಡ್ ಹತ್ರ ಮೊಬೈಲ್ ಅಂಗಡಿ. ಪೆನ್‌ಡ್ರೈವಿಗೆ, ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡತೇನಿ. ಟ್ರ್ಯಾಕ್ಟರಿಗೆ ದೊಡ್ಡ ದೊಡ್ಡ ಸ್ಪೀಕರ್ ಕೂಡಿಸಿದವರೆಲ್ಲಾ ನನ್ನ ಗಿರಾಕಿನ. ಮಿಕ್ಸಿಂಗ್ ಯಾರೂ ಕಲಿಸಿಲ್ಲ, ಫೋನ್ ನೋಡಿಕೋತ ಕಲತದ್ದು. ಒಂದಿನ ದಾವಲಣ್ಣಾರು ತಮ್ಮ ಹಾಡೆಲ್ಲಾ ಒಂದು ಕಾರ್ಡಿನ್ಯಾಗ ತಂದು ಕೊಟ್ಟು, “ಮಂದಿಗೆ ಮುಟ್ಟಸಪಾ” ಅಂದ್ರು. ಅಷ್ಟ ಹೇಳಿದ್ದು.

ಆ ಹಾಡು ಹೆಂಗ ಅದಾವಂತ ನಿಮಗ ಹೆಂಗ ಹೇಳ್ಲಿ. ‘ಹೈವೇ ದಾಟೂ ಎಮ್ಮಿ’ ಅಂತ ಒಂದೈತಿ. ಕಿತ್ತೂರ ಹತ್ರ ಒಂದು ಎಮ್ಮಿ ರೋಡ್ ದಾಟತೈತಿ, ಅಷ್ಟ ಕತಿ. ಎಮ್ಮಿ ಆ ಕಡೆ ಮುಟ್ಟೂತನಕ ಅಣ್ಣಾರು ಗಿಟಾರಿನ್ಯಾಗ ಒಂದ ಸುರ ಹಿಡದಿರತಾರ. ಡ್ರಮ್ ತಲಿ ಕೆಡಸ್ಕೋತೈತಿ, ಲಾರಿ ಹಾರ್ನ್ ಹೊಡೀತಾವ, ಎಮ್ಮಿಗೆ ಮಾತ್ರ ಏನೂ ಅವಸರ ಇಲ್ಲ. ಅದು ಮುಟ್ಟಿತು, ಸುರ ಬದಲಾತು — ಪ್ರತಿ ಸಲ ನನ್ನ ಎದಿ ಹಗುರ ಆಗತೈತಿ. ‘ಸವದತ್ತಿ ಬಸ್ ಹೋತು’ ಅನ್ನೂದರಾಗ ನಡುವ ಮಾತ ಮರತು ನಕ್ಕ ಬಿಟ್ಟಾರ, ಆ ನಗಿ ಹಂಗ ಇಟ್ಟಾರ. ಬಸ್ ತಪ್ಪಿದಾವ ಹಂಗ ನಗತಾನ, ಮತ್ತೇನ ಮಾಡತಾನ?

ಇನ್ನ ‘ಅಬ್ಬಾನ ಬಿಲ್ಲು’. ಇದನ್ನ ಹೇಳಾಕ ನನಗ ಹಕ್ಕಿಲ್ಲ, ಆದ್ರ ಹೇಳದಿದ್ರ ನಿಮಗ ತಿಳಿಯೂದಿಲ್ಲ. ಹಾಡು ಜೋರ ಹೋಗಿ ಹೋಗಿ ಒಮ್ಮಿಗ್ಲೆ ಎಲ್ಲಾ ನಿಲ್ಲತೈತಿ. ಆ ಖಾಲಿದಾಗ — ಟಂಯ್… ಟಂಯ್… ಅಬ್ಬಾನ ಬಿಲ್ಲಿನ ತಂತಿ. ಅಬ್ಬಾ ಸ್ವತಃ ಮೀಟಿದ್ದು, ಮನಿ ಪಡಸಾಲ್ಯಾಗ ಫೋನಿನ್ಯಾಗ ಹಿಡದದ್ದು. ಆ ತಂತಿ ಯಾವ ಸುರದಾಗ ನಿಲ್ಲತೈತಿ, ಅದ ಸುರದಿಂದ ಗಿಟಾರ್ ಮತ್ತ ಎದ್ದ ಬರತೈತಿ. ಅದನ್ನ ಹಿಡದ ಸ್ವಲ್ಪ ದಿನಕ್ಕ ಅಬ್ಬಾ ತೀರಿಕೊಂಡ್ರು.

ಈಗ ನನ್ನ ಕೆಲಸ ಕೇಳ್ರಿ. ನಮ್ಮ ಧಂದೆದಾಗ ಒಂದು ರೂಢಿ ಐತಿ. ಹಾಡು ತುಂಬಿ ಕೊಡಾವ ನಡುವ ಎಲ್ಲೆರ ತನ್ನ ಹೆಸರು ಹಾಕತಾನ, ಗುಡುಗಿನಂಥ ಧ್ವನಿ ಮಾಡಿ. ಅದನ್ನ ಹಾಡಿನ್ಯಾಗ ಖಾಲಿ ಜಾಗಾ ಹುಡುಕಿ ಕೂಡ್ರಸೂದು. ಹಾಡು ಮುಟ್ಟಸಿದ್ದು ನಾ, ನನ್ನ ಹೆಸರೂ ಮುಟ್ಟಲಿ ಅಂತ — ಆ ಹಾಡಿನ್ಯಾಗ ಖಾಲಿ ಜಾಗಾ ಯಾವದು, ಹೇಳ್ರಿ? ಬಿಲ್ಲಿನ ಸಪ್ಪಳ ತಗದೆ. ಅಲ್ಲಿ “ಡೀಜೆ ಮಂಜಾ, ಬೈಲಹೊಂಗಲ” ಅಂತ ಕೂಡ್ರಿಸಿದೆ.

ಮತ್ತ ನಾ ಕೇಳಾಕ ಮಾತ್ರ ಬಿಲ್ಲ ಇದ್ದದ್ದನ್ನ ಬ್ಯಾರೆ ಇಟಗೊಂಡೆ. ಅಂದ್ರ ಏನ ಕೆಡಸಾಕತ್ತೇನಿ ಅಂತ ನನಗ ಪೂರಾ ಗೊತ್ತಿತ್ತು.

ಹಾಡು ಟ್ರ್ಯಾಕ್ಟರ್ ಹತ್ತಿ ಸುತ್ತಲಿನ ನಾಕ ತಾಲ್ಲೂಕ ತಿರಗಿತು. ಆಮ್ಯಾಲ ಕಿತ್ತೂರಾಗ ಒಂದು ಕಾಲೇಜಿನ ಗ್ಯಾದರಿಂಗಿಗೆ ದಾವಲಣ್ಣಾರನ್ನ ಕರದ್ರು. ಸೌಂಡ್ ನಂದು. ಅವರು ಅಬ್ಬಾನ ಬಿಲ್ಲನ್ನ ಚಾದರದಾಗ ಸುತ್ತಿ ತಂದಿದ್ರು, ಸ್ಟೇಜ್ ಮ್ಯಾಲ ಮೀಟಬೇಕಂತ. ಹಾಡು ಆ ಜಾಗಾಕ್ಕ ಬಂತು, ಎಲ್ಲಾ ನಿಂತಿತು, ಅಣ್ಣಾರು ತಂತಿಗೆ ಕೈ ಹಚ್ಚಿದ್ರು —

ಹುಡುಗೂರೆಲ್ಲಾ ಕೂಡಿ ಒದರಿದ್ರು, “ಡೀಜೆ ಮಂಜಾ, ಬೈಲಹೊಂಗಲ.”

ಅವರಿಗೆ ಅದ ಹಾಡಿನ ಭಾಗ ಆಗಿತ್ತು. ಬಿಲ್ಲ ಯಾರಿಗೂ ಕೇಳಲಿಲ್ಲ. ಮೈಕ್ ಹಿಡದ ಹುಡುಗಿ ನಕ್ಕೋತ, “ಸರ್, ಡೀಜೆ ಮಂಜಾನ ಹಾಡು ಅಂತ ಮೊದಲ ಹೇಳಬೇಕಿತ್ರಿ” ಅಂದ್ಲು. ದಾವಲಣ್ಣಾರು ನನ್ನ ಕಡೆ ತಿರಗಿ ಕೇಳಿದ್ರು, ಹಾಡ ಯಾರ್ದಂತ. ಮೈಕ್ ನನ್ನ ಕೈಯಾಗೂ ಇತ್ತು.

“ಹಳೇ ಹಾಡರಿ ಅದು. ಎಲ್ಲಾರೂ ಹಾಡತಾರ,” ಅಂದೆ.

ಮಂದಿ ಚಪ್ಪಾಳಿ ಹೊಡದ್ರು. ಅಣ್ಣಾರು ಬಿಲ್ಲನ್ನ ಮತ್ತ ಚಾದರದಾಗ ಸುತ್ತಿದ್ರು. ಆಮ್ಯಾಲ ಅವರು ಎಲ್ಲೂ ಹಾಡಿದ್ದಿಲ್ಲ.

ಹ್ವಾದ ವಾರ ರಾಮದುರ್ಗಕ್ಕ ಹೋದೆ. ಅಂಗಡ್ಯಾಗ ಗಾದಿ ಹೊಲಿಯಾಕತ್ತಿದ್ರು. ನಿಂತ ನಿಂತಲ್ಲೆ ಎಲ್ಲಾ ಹೇಳಿದೆ. ಅವರು ಸೂಜಿ ನಿಲ್ಲಿಸಲಿಲ್ಲ.

“ಗೊತ್ತೈತಪಾ. ಕಿತ್ತೂರಾಗ ಹಾಡು ನಿಂತ ಕೂಡ್ಲೆ ನೀ ಸೌಂಡಿನ ಗುಂಡಿ ತಿರವಾಕ ಹತ್ತಿದಿ. ಅಲ್ಲಿ ತಿರವೂವಂಥಾದ್ದು ಏನೂ ಇದ್ದಿದ್ದಿಲ್ಲ.”

“ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ ಅಣ್ಣಾ?”

“ನೀ ಹೇಳತಿ ಅಂತ.”

ಕಿಸೆದಾಗಿಂದ ಫೋನ್ ತಗದು ಅವರ ಕಿವಿಗೆ ಇಯರ್‌ಫೋನ್ ಕೊಟ್ಟೆ — ನಾ ಮುಚ್ಚಿಟ್ಟ ಹಾಡು. ಆ ಜಾಗಾ ಬಂದಾಗ ಸೂಜಿ ನಿಂತಿತು. ಅವರ ಹಳೇ ಫೋನ್ ಕೆಟ್ಟಿತ್ತಂತ, ಅಬ್ಬಾನ ಸಪ್ಪಳ ಅದರ ಜೋಡಿನ ಹೋತು ಅಂದಕೊಂಡಿದ್ರಂತ. ಎರಡ ವರ್ಷ ಅದು ನನ್ನ ಕಿಸೆದಾಗ ಇತ್ತು.

“ಎಲ್ಲಾ ಹಾಡಿಗೂ ನಿಮ್ಮ ಹೆಸರ ಹಾಕತೇನಿ ಅಣ್ಣಾ, ನಂದಕ್ಕಿಂತ ದೊಡ್ಡ ಧ್ವನಿಲೆ.”

“ಬ್ಯಾಡ. ಆ ಜಾಗಾ ಅಬ್ಬಾಂದು,” ಅಂದ್ರು. ನಾ ಮಾಫಿ ಅಂತ ಬಾಯಿ ತಗದೆ. “ನನ್ನ ಒಬ್ಬನ್ನ ಏನ ಕೇಳತಿ? ಯಾರ್ಯಾರ ಕೈಯಾಗ ಕೊಟ್ಟಿ, ಅವರಿಗೆ ಹೇಳು ಹೋಗು,” ಅಂದ್ರು. ಆ ಹಾಡನ್ನ ಅವರ ಫೋನಿಗೆ ಹಾಕಿ ಕೊಟ್ಟೆ. ನಾ ಹೊಳ್ಳಿ ಹೊಂಟಾಗ ಅವರು ಮತ್ತ ಇಯರ್‌ಫೋನ್ ಹಾಕ್ಕೊಂಡು, ಸೂಜಿ ಹಿಡದ ಕೈಲೆ ಗಾದಿ ಮ್ಯಾಲ ತಾಳ ಹಾಕಾಕತ್ತಿದ್ರು. ತಮಗ ಗೊತ್ತಿಲ್ಲದಂಗ.

ಅದಕ್ಕ ಇದನ್ನ ಬರದೇನಿ. ಆ ಹಾಡು ನಿಮ್ಮ ಹತ್ರ ಇದ್ರ ತರ್ರಿ, ಬದಲ ಮಾಡಿ ಕೊಡತೇನಿ. ಬರಾಕ ಆಗದವರ ಊರಿಗೆ ನಾನ ಬರತೇನಿ.

ನಿನ್ನೆ ಚಚಡಿ ಊರಿನ ಬಸ್ಸಣ್ಣ ಟ್ರ್ಯಾಕ್ಟರ್ ತಂದ. ಹೊಸಾದು ಹಾಕಿ ಕೊಟ್ಟೆ. ಕೇಳಿ ಮಾರಿ ಗಂಟ ಹಾಕಿದ.

“ಏನೋ ಮಂಜಾ, ನಡುವ ನಿನ್ನ ಹೆಸರ ಹೋಗಿ ಏನೋ ಟಂಯ್ ಟಂಯ್ ಅಂತೈತಿ. ಖರಾಬ್ ಆಗೈತೇನ?”

“ಇಲ್ಲಣ್ಣಾ. ಮೊದಲ ಖರಾಬ್ ಇತ್ತು.”

ಅಂವ ಮತ್ತೊಮ್ಮೆ ಹಚ್ಚಿದ, ಸೌಂಡ್ ಏರಿಸಿದ. ಬಸ್‌ಸ್ಟ್ಯಾಂಡಿನ್ಯಾಗ ನಿಂತವರು ಆ ತಂತಿ ಸಪ್ಪಳಕ್ಕ ಹೊಳ್ಳಿ ನೋಡಿದ್ರು.

“ಚಲೋ ಐತಿ ಬಿಡು,” ಅಂದ. “ಹಾಡ ಯಾರ್ದು?”

“ಸಾಲಹಳ್ಳಿ ದಾವಲಣ್ಣಂದು,” ಅಂದೆ.